ಮನೆಯಿಂದಲೇ ಕಾಲೇಜು ಗ್ರಂಥಾಲಯದ ಇ-ಜರ್ನಲ್ ತೆರೆಯುವುದು ಹೇಗೆ?

ಪ್ರಕಾಶಕರ ಜಾಲತಾಣಗಳು ಬಹುಕಾಲ ಓದುಗರನ್ನು ಗುರುತಿಸಿದ್ದು ಕ್ಯಾಂಪಸ್ಸಿನ ಐಪಿ ವಿಳಾಸದಿಂದ. ಆವರಣ ದಾಟಿದರೆ ಅದೇ ವಿದ್ಯಾರ್ಥಿ ಅಪರಿಚಿತ. ಈ ತೊಡಕನ್ನು ಬಿಡಿಸುವ ಒಂದು ದಾರಿ ಒಕ್ಕೂಟ ಮಾದರಿಯ ಲಾಗಿನ್. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಇನ್‌ಫೆಡ್ ಅಂಥ ಒಕ್ಕೂಟ. ಅದರ ಆಧಾರ ಶಿಬೊಲೆತ್ ತಂತ್ರಾಂಶ. ಪ್ರಕಾಶಕರ ಪುಟದಲ್ಲಿ ಓದುಗರು ತಮ್ಮ ಸಂಸ್ಥೆಯನ್ನು ಆರಿಸಿದರೆ ಆ ಸಂಸ್ಥೆಯದೇ ಲಾಗಿನ್ ಪುಟ ತೆರೆದುಕೊಳ್ಳುತ್ತದೆ. ಪಾಸ್‌ವರ್ಡ್ ಪರೀಕ್ಷೆ ಅಲ್ಲಿಯೇ ಮುಗಿಯುತ್ತದೆ. ಪ್ರಕಾಶಕರಿಗೆ ತಲುಪುವುದು ‘ಇವರು ನಮ್ಮವರು’ ಎಂಬ, ಡಿಜಿಟಲ್ ಸಹಿಯುಳ್ಳ ದೃಢೀಕರಣ; ಹೆಸರನ್ನು ಕೊಡಲೇಬೇಕೆಂದಿಲ್ಲ. ಯಾರು ಏನು ಓದಿದರೆಂಬ ಗುಟ್ಟು ಕಾಯುವುದು ಗ್ರಂಥಾಲಯದ ಹಳೆಯ ಧರ್ಮ. ಈ ವ್ಯವಸ್ಥೆಯ ನಿಜವಾದ ಹೆಚ್ಚುಗಾರಿಕೆ ಅದನ್ನು ಉಳಿಸಿಕೊಂಡದ್ದರಲ್ಲಿದೆ. ಕೋರ್ಸ್ ಮುಗಿದಾಗ ಸಂಸ್ಥೆ ಆ ಒಂದು ಖಾತೆಯನ್ನು ಮುಚ್ಚಿದರೆ ಸಾಕು, ಅದರಿಂದ ತೆರೆಯುತ್ತಿದ್ದ ತಾಣಗಳಿಗೆ ಮತ್ತೆ ಲಾಗಿನ್ ಆಗಲು ಬರುವುದಿಲ್ಲ.