ಹೌದೆಂದವರಾರು? ಇಲ್ಲವೆಂದವರಾರು?

ಪರರ ಕಾಗದವನ್ನು ಒಡೆದು ಓದಬಾರದೆಂಬುದು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಕಲಿಸುತ್ತ ಬಂದಿರುವ ಮರ್ಯಾದೆ. ಇಂದು ಕಾಗದವೇ ಅಪರೂಪವಾಗಿದೆ. ನಮ್ಮ ವಿಳಾಸ, ಬ್ಯಾಂಕಿನ ವ್ಯವಹಾರ, ರೋಗರುಜಿನಗಳ ವಿವರ ಎಲ್ಲವೂ ಎಲ್ಲೆಲ್ಲಿಯದೋ ಕಂಪ್ಯೂಟರುಗಳಲ್ಲಿ ಸೇರಿವೆ. ಅವನ್ನು ಯಾರು ನೋಡಬಹುದೆಂದು ಗೊತ್ತುಮಾಡುವವರು ನಾವೇ ಆರಿಸಿ ಕಳುಹಿಸಿದ ಪ್ರತಿನಿಧಿಗಳು. ಅವರು ಅಲ್ಲಿ ಹೌದೆಂದರೋ ಇಲ್ಲವೆಂದರೋ, ವಾಚಕರೇ, ನಮಗೆ ತಿಳಿಯುವುದೆ?

ಈ ಪ್ರಕರಣದ ಮೊದಲಲ್ಲಿ ಕನ್ನಡನಾಡಿನ ಹಿರಿಯರೊಬ್ಬರಿದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಒಂಬತ್ತು ಮಂದಿಯ ಹೆಸರೂ ಆ ತೀರ್ಪಿನಲ್ಲುಂಟು.

ಆ ಹಕ್ಕನ್ನು ಕಾಯುವ ಶಾಸನ ಬರಲು ಮತ್ತೆ ಆರು ವರ್ಷ ಹಿಡಿಯಿತು. ವೈಯಕ್ತಿಕ ಮಾಹಿತಿಯ ರಕ್ಷಣೆಯ ಮಸೂದೆಯನ್ನು 2023ರ ಆಗಸ್ಟ್ 7ರಂದು ಲೋಕಸಭೆಯೂ 9ರಂದು ರಾಜ್ಯಸಭೆಯೂ ಅಂಗೀಕರಿಸಿದವು. ದೇಶದ ಭದ್ರತೆ ಮೊದಲಾದ ಕಾರಣಗಳಿಗಾಗಿ ಸರ್ಕಾರ ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಡಬಹುದೆಂಬ ವಿಧಿಯೂ ಅದರಲ್ಲಿತ್ತು. ಇಷ್ಟು ಗುರುತರವಾದ ವಿಷಯಕ್ಕೆ ಎರಡೂ ಸದನಗಳಲ್ಲಿ ದೊರೆತದ್ದು ಧ್ವನಿಮತ! ಒಪ್ಪುವವರು ‘ಹೌದು’ ಎನ್ನುತ್ತಾರೆ, ಒಪ್ಪದವರು ‘ಇಲ್ಲ’ ಎನ್ನುತ್ತಾರೆ; ಸದ್ದನ್ನು ಕೇಳಿ ಅಧ್ಯಕ್ಷರು ತೀರ್ಮಾನ ಹೇಳುತ್ತಾರೆ. ಸದ್ದಿಗೆ ಹೆಸರಿಲ್ಲ. ಮತವಿಭಜನೆ ನಡೆದರೆ ಮಾತ್ರ ಯಾರು ಯಾವ ಕಡೆಯೆಂಬುದು ನಡಾವಳಿಯಲ್ಲಿ ಅಚ್ಚಾಗುತ್ತದೆ.

ಹೆಸರಿದ್ದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಒಂದು ನಿದರ್ಶನವಿದೆ. ಜನರು ಇಂಟರ್ನೆಟ್ಟಿನಲ್ಲಿ ಏನು ಹುಡುಕಿದರೆಂಬ ವಿವರವನ್ನು ವಾರಂಟಿಲ್ಲದೆ ಸರ್ಕಾರ ಪಡೆಯಕೂಡದೆಂಬ ತಿದ್ದುಪಡಿ 2020ರ ಮೇ 13ರಂದು ಅಲ್ಲಿನ ಸೆನೆಟ್ಟಿನ ಮುಂದೆ ಬಂದಿತು. ಬೇಕಾಗಿದ್ದುದು 60 ಮತ, ಬಂದದ್ದು 59. ವಿರೋಧವಾಗಿ 37. ಒಂದೇ ಮತದಿಂದ ಅದು ಬಿದ್ದುಹೋಯಿತು. ಮತ ಹಾಕದ ನಾಲ್ವರ ಹೆಸರುಗಳೂ ದಾಖಲೆಯಲ್ಲಿದ್ದುದರಿಂದ, ಆ ಒಂದು ಮತ ಎಲ್ಲಿ ಹೋಯಿತೆಂದು ಮತದಾರರು ಕೇಳಲು ಎಡೆಯಾಯಿತು.

ನಮ್ಮಲ್ಲಿ ಸದಸ್ಯರು ಪಕ್ಷದ ಅಪ್ಪಣೆಗೆ ಕಟ್ಟುಬಿದ್ದವರು, ಹೆಸರು ತಿಳಿದು ಫಲವೇನು ಎನ್ನುವವರುಂಟು. ಅಪ್ಪಣೆ ಪಕ್ಷದ್ದಾದರೂ ಮುಂದಿನ ಚುನಾವಣೆಯಲ್ಲಿ ಕೈಮುಗಿದು ನಮ್ಮ ಬಾಗಿಲಿಗೆ ಬರುವವರು ಅವರೇ ಅಲ್ಲವೆ? ಆಗ ಕುಡಿಯುವ ನೀರು, ರಸ್ತೆಗಳ ಜೊತೆಗೆ ಈ ಪ್ರಶ್ನೆಯನ್ನೂ ಕೇಳೋಣ.

ಮತಗಟ್ಟೆಯ ಮರೆಯಲ್ಲಿ ನಾವು ಹಾಕುವ ಮತ ಗುಟ್ಟಾಗಿರುವುದು ನಮ್ಮ ರಕ್ಷೆಗಾಗಿ. ನಮ್ಮ ಪರವಾಗಿ ಅವರು ಹಾಕುವ ಮತವೂ ಗುಟ್ಟಾದರೆ, ಅದು ಯಾರ ರಕ್ಷೆಗಾಗಿ?