ಕ್ಷೌರಕತ್ತಿಯ ಕುಶಲವಿದ್ಯೆ: ಉಕ್ಕಿನ ಅಲಗು, ಮರದ ಹಿಡಿ

ಮಡಚುವ ಕ್ಷೌರಕತ್ತಿಯ ಹರಿತ ಶುರುವಾಗುವುದು ಅದರ ಬೆನ್ನಿನಿಂದ. ಸಾಣೆಕಲ್ಲಿನ ಮೇಲೆ ಕತ್ತಿಯನ್ನು ಮಲಗಿಸಿ ಮಸೆಯುವಾಗ ಬೆನ್ನೂ ಬಾಯಿಯೂ ಒಟ್ಟಿಗೆ ಕಲ್ಲಿಗೆ ತಾಗುತ್ತವೆ. ಹೀಗಾಗಿ ಬಾಯಿಯ ಕೋನ ಮಸೆಯುವವರ ಕೈಚಳಕಕ್ಕೆ ಸಿಕ್ಕುವಂಥದ್ದಲ್ಲ. ಅದು ಬೆನ್ನಿನ ದಪ್ಪಕ್ಕೂ ಅಲಗಿನ ಅಗಲಕ್ಕೂ ಇರುವ ಲೆಕ್ಕ. 16 ಮಿ.ಮೀ. ಅಗಲದ ಅಲಗಿಗೆ 4.6 ಮಿ.ಮೀ. ದಪ್ಪದ ಬೆನ್ನಿದ್ದರೆ ಕೋನ ಸುಮಾರು 16.5 ಡಿಗ್ರಿ. ಬೆನ್ನು ತೀರ ತೆಳುವಾದರೆ ಬಾಯಿ ಬೇಗ ಮುಕ್ಕಾಗುತ್ತದೆ, ದಪ್ಪವಾದರೆ ಕೂದಲು ಜಗ್ಗುತ್ತದೆ.

ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಝೋಲಿಂಗನ್, ಫ್ರಾನ್ಸಿನ ಥಿಯೆರ್ ಈ ಕಸುಬಿಗೆ ಹೆಸರಾದ ಊರುಗಳು. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಮೂಸೆಯಲ್ಲಿ ಉಕ್ಕು ಕರಗಿಸುವ ವಿಧಾನ ಕಂಡುಕೊಂಡದ್ದರಿಂದ ಶೆಫೀಲ್ಡಿಗೆ ಎಲ್ಲೆಡೆ ಒಂದೇ ಗುಣದ ಉಕ್ಕು ಸಿಕ್ಕಿತು. ದಕ್ಷಿಣ ಭಾರತದ ಕುಲುಮೆಗಳಲ್ಲಿ ಮೂಸೆಯ ಉಕ್ಕು ಅದಕ್ಕಿಂತ ಬಹಳ ಹಿಂದೆಯೇ ತಯಾರಾಗುತ್ತಿತ್ತು. ಅದರ ಗುಣಕ್ಕೆ ಮಾರುಹೋಗಿ ಅದನ್ನು ಅನುಕರಿಸಲು ಹೊರಟವರಲ್ಲಿ ಮೈಕೆಲ್ ಫ್ಯಾರಡೆ ಮತ್ತು ಲಂಡನ್ನಿನ ಕತ್ತಿ ತಯಾರಕ ಜೇಮ್ಸ್ ಸ್ಟೊಡಾರ್ಟ್ ಇದ್ದರು. ಅವರ ಪ್ರಯೋಗದ ವಿವರ 1820ರಲ್ಲಿ ಪ್ರಕಟವಾಯಿತು. ಹೊಸ ಮಿಶ್ರಲೋಹದಿಂದ ಮಾಡಿಸಿದ ಕ್ಷೌರಕತ್ತಿಗಳನ್ನು ಫ್ಯಾರಡೆ ಗೆಳೆಯರಿಗೆ ಉಡುಗೊರೆ ಕೊಟ್ಟದ್ದೂ ಉಂಟು.

ಇಂದಿನ ಕುಶಲಕರ್ಮಿಗಳು ಸಾಮಾನ್ಯವಾಗಿ ಆರಿಸಿಕೊಳ್ಳುವುದು ಶೇ. 1ರಷ್ಟು ಇಂಗಾಲವಿರುವ ಉಕ್ಕನ್ನು. ಅದನ್ನು ಬಡಿದೋ ಕೊರೆದೋ ರೂಪ ಕೊಟ್ಟ ಮೇಲೆ ಹದ ಹಾಕುವ ಕೆಲಸ. ಸುಮಾರು 770 ಡಿಗ್ರಿ ಸೆಲ್ಸಿಯಸ್‌ಗೆ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಉಪಕರಣಗಳಿಲ್ಲದ ಕುಲುಮೆಯಲ್ಲಿ ಇದೇ ಗುರುತು. ಇನ್ನೂ ಕೊಂಚ ಕಾಯಿಸಿ, ಸುಮಾರು 800 ಡಿಗ್ರಿಯಲ್ಲಿ ಎಣ್ಣೆಗೆ ಅದ್ದುತ್ತಾರೆ. ನಿಧಾನವಾಗಿ ಆರಿದ್ದರೆ ಇಂಗಾಲದ ಪರಮಾಣುಗಳು ಹೊರಬಂದು ಬೇರೆಯಾಗುತ್ತಿದ್ದವು. ಥಟ್ಟನೆ ತಣಿದಾಗ ಅವು ಕಬ್ಬಿಣದ ಹರಳುಗಳೊಳಗೇ ಸಿಕ್ಕಿಬಿದ್ದು ಹರಳಿನ ಆಕಾರವನ್ನೇ ತಿರುಚುತ್ತವೆ. ಹೀಗೆ ಹುಟ್ಟುವ ಮಾರ್ಟೆನ್ಸೈಟ್ ಬಲು ಗಡಸು, ಅಷ್ಟೇ ಪೆಡಸು. ಸುಮಾರು 200 ಡಿಗ್ರಿಯಲ್ಲಿ ಮತ್ತೆ ಕಾಯಿಸಿದರೆ ಗಡಸುತನ ಸ್ವಲ್ಪ ಇಳಿದು ಪೆಡಸುತನ ತಗ್ಗುತ್ತದೆ, ಮೇಲ್ಮೈ ಹುಲ್ಲಿನ ಹಳದಿಗೆ ತಿರುಗುತ್ತದೆ.

ತೆಳ್ಳನೆಯ ಬಾಯಿ ಎಣ್ಣೆಯಲ್ಲಿ ಸೊಟ್ಟಗಾಗುವುದರಿಂದ ಅಲಗನ್ನು ಪೂರ್ತಿ ತೆಳುಮಾಡುವುದು ಹದದ ನಂತರವೇ. ದುಂಡನೆಯ ಚಕ್ರಕ್ಕೆ ಹಿಡಿದು ಎರಡೂ ಬದಿಯನ್ನು ಒಳಬಾಗಾಗಿ ಕೊರೆಯುತ್ತಾರೆ, ಮತ್ತೆ ಮತ್ತೆ ನೀರಿಗೆ ಅದ್ದುತ್ತಾರೆ. ಬಾಯಿ ನೀಲಿಗಟ್ಟಿತೆಂದರೆ ಬಿಸಿ ಮಿತಿಮೀರಿ ಹದ ಕೆಟ್ಟಿತೆಂದೇ ಅರ್ಥ.

ಹಿಡಿಗೆ ಬೇಕಾದದ್ದು ಸುಮಾರು 3 ಮಿ.ಮೀ. ದಪ್ಪದ ಎರಡು ಮರದ ಪಟ್ಟಿ. ಮರ ತೇವ ಹೀರಿ ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಈ ಏರಿಳಿತ ಎಳೆಯ ಉದ್ದಕ್ಕೆ ಲೆಕ್ಕಕ್ಕಿಲ್ಲದಷ್ಟು, ಅಡ್ಡಕ್ಕೆ ಎಷ್ಟೋ ಪಾಲು ಹೆಚ್ಚು. ಅದಕ್ಕೇ ಎಳೆಗಳು ಹಿಡಿಯ ಉದ್ದಕ್ಕೇ ಹರಿಯಬೇಕು. ಓಕ್ ಮರದ ಟ್ಯಾನಿನ್ ಒದ್ದೆ ಉಕ್ಕನ್ನು ಕಪ್ಪಾಗಿಸುವುದರಿಂದ ಅದು ಇಲ್ಲಿಗೆ ಒಗ್ಗದು. ಎಣ್ಣೆಯ ಅಂಶವಿರುವ ಒತ್ತು ಎಳೆಯ ಮರಗಳು ಮೇಲು. ಪಶ್ಚಿಮ ಘಟ್ಟದ ಬೀಟೆ ಅಂಥದ್ದೇ. ಅದು ಸೇರಿದ ಡಾಲ್ಬರ್ಜಿಯಾ ಕುಲದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2017ರಿಂದ ಸೈಟಿಸ್ ಒಪ್ಪಂದದ ಕಡಿವಾಣವಿದೆ.

ಎರಡು ಪಟ್ಟಿಗಳ ಬುಡದಲ್ಲಿ ಓರೆಯಾದ ಬೆಣೆಯೊಂದು ಕೂರುತ್ತದೆ. ಅದು ಪಟ್ಟಿಗಳನ್ನು ತುಸು ಬಾಗಿಸುವುದರಿಂದ ಅಲಗಿಗೆ ಬಿಗಿ ಸಿಗುತ್ತದೆ, ಮಡಚಿದಾಗ ಬಾಯಿ ಮರಕ್ಕೆ ತಾಗದೆ ನಡುವೆ ನಿಲ್ಲುತ್ತದೆ. ತಿರುಗಣೆಯ ಹಿತ್ತಾಳೆ ಮೊಳೆಯ ತುದಿಯನ್ನು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಅರಳಿಸುತ್ತಾರೆ. ಅವಸರದ ಒಂದು ಪೆಟ್ಟಿಗೆ ಮರ ಸೀಳುತ್ತದೆ.

ಕೊನೆಗೆ ಹೆಚ್ಚೆಚ್ಚು ನುಣುಪಾದ ಕಲ್ಲುಗಳ ಮೇಲೆ ಬಾಯಿ ಮುಂದಾಗಿ ಮಸೆತ, ತೊಗಲಿನ ಪಟ್ಟಿಯ ಮೇಲೆ ಬೆನ್ನು ಮುಂದಾಗಿ ಉಜ್ಜುವಿಕೆ. ಇಷ್ಟಾದರೂ ಮೆತ್ತನೆಯ ಕೂದಲು ಗಟ್ಟಿ ಉಕ್ಕನ್ನು ಕೆಡಿಸುತ್ತದೆ. ಮಾಮೂಲಿ ಬ್ಲೇಡುಗಳ ಮೇಲೆ ಎಂಐಟಿ ಸಂಶೋಧಕರು ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಉಕ್ಕಿನ ಒಳರಚನೆ ಏಕರೂಪವಾಗಿಲ್ಲದ ಕಡೆ, ಬಾಗಿದ ಕೂದಲು ಓರೆಯಾಗಿ ಒತ್ತಿದಾಗ ಬಾಯಿಯಿಂದ ಸಣ್ಣ ಚೂರು ಹಾರುತ್ತದೆ. ಕೂದಲನ್ನು ನೀರಿನಲ್ಲಿ ನೆನೆಸಿದರೆ ಅದರ ಕೆರಾಟಿನ್ ಮೆದುವಾಗಿ ಕೊಯ್ತ ಸಲೀಸಾಗುತ್ತದೆ. ಅದೇ ನೀರು ತಿರುಗಣೆಯ ಸಂದಿಗೆ ಇಳಿದರೆ ತುಕ್ಕು ಅಲ್ಲಿಂದಲೇ ಶುರು; ಆದ್ದರಿಂದ ಕತ್ತಿಯನ್ನು ಒರೆಸಿ, ತೆರೆದಿಟ್ಟು ಒಣಗಿಸಿದ ಮೇಲಷ್ಟೇ ಮಡಚುತ್ತಾರೆ.