ಕುದುರೆ ಬಂತು, ನೆಲದ ಕಥೆ ಬರಲಿಲ್ಲ

ಕೌಬಾಯ್ ಚಿತ್ರವೆಂದೊಡನೆ ನಮ್ಮ ಕಣ್ಣಮುಂದೆ ಬರುವುದು ಅಗಲವಾದ ಟೋಪಿ, ಕುದುರೆ ಮತ್ತು ಕೋವಿ. ಆದರೆ ಈ ಪ್ರಕಾರದ ಜೀವಾಳವಿರುವುದು ಒಂದು ಪ್ರಶ್ನೆಯಲ್ಲಿ: ಕಾನೂನು ಇನ್ನೂ ಬೇರೂರದ ಸೀಮೆಯಲ್ಲಿ ನೆಲ ಯಾರಿಗೆ ಸೇರಬೇಕು? ಸರ್ಜಿಯೊ ಲಿಯೋನಿ ಅವರ ‘ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್’ (1968) ಚಿತ್ರದಲ್ಲಿ ರಕ್ತ ಹರಿಯುವುದು ನಿಧಿಗಾಗಿ ಅಲ್ಲ. ಮುಂದೊಂದು ದಿನ ರೈಲು ಬರುವುದೆಂದು ಊಹಿಸಿದವನೊಬ್ಬ ಕೊಂಡಿಟ್ಟ, ನೀರಿನ ಸೆಲೆಯುಳ್ಳ ಜಮೀನಿಗಾಗಿ.

ಈ ಪ್ರಕಾರ ಕನ್ನಡಿಗರಿಗೆ ಅಪರಿಚಿತವೇನಲ್ಲ. 1973ರಲ್ಲಿಯೇ ದ್ವಾರಕೀಶ್ ‘ಕೌಬಾಯ್ ಕುಳ್ಳ’ನಾಗಿ ಬಂದಿದ್ದರು. 1975ರ ‘ಶೋಲೆ’ ಚಿತ್ರಕ್ಕೆ ನಮ್ಮ ರಾಮನಗರದ ಬಂಡೆಗಳೇ ‘ರಾಮಗಢ’ವಾದವು. ಆದರೆ ಈ ಪ್ರಕಾರವನ್ನು ಗಂಭೀರವಾಗಿ ಕನ್ನಡದ ಜಾಯಮಾನಕ್ಕೆ ಒಗ್ಗಿಸಲು ಯತ್ನಿಸಿದ್ದು, ಸಚಿನ್ ರವಿ ನಿರ್ದೇಶಿಸಿ, ರಕ್ಷಿತ್ ಶೆಟ್ಟಿ ನಟಿಸಿದ ‘ಅವನೇ ಶ್ರೀಮನ್ನಾರಾಯಣ’ (2019).

ಹಾಲಿವುಡ್‌ನ ನಾಯಕ ಬಹುಮಟ್ಟಿಗೆ ಎಲ್ಲಿಂದಲೋ ಬಂದ ಒಂಟಿ ಸವಾರ. ಕೋವಿಯೇ ಅವನ ಮಾತು. ಇಲ್ಲಿನ ನಾರಾಯಣನಾದರೋ ಪೊಲೀಸ್ ಅಧಿಕಾರಿ, ಮಾತಿನ ಮಲ್ಲ. ಊರಿನ ಹೆಸರು ಅಮರಾವತಿ, ನಾಯಕಿಯ ಹೆಸರು ಲಕ್ಷ್ಮಿ, ಡಕಾಯಿತರು ಅಭೀರರು. ಮಹಾಭಾರತದ ಮೌಸಲ ಪರ್ವದಲ್ಲಿ ಅರ್ಜುನನ ಗಾಂಡೀವ ಕೈಕೊಟ್ಟದ್ದು ಆಭೀರರ ಮುಂದೆಯೇ ಎಂಬುದನ್ನು ಓದುಗರು ನೆನಪಿಸಿಕೊಳ್ಳಬಹುದು. ಅಂಥವರೆದುರು ಆಯುಧಕ್ಕಿಂತ ಉಪಾಯವೇ ಮೇಲು. ನಿಧಿಯ ಸುಳಿವು ನಾಟಕ ಮಂಡಳಿಯವರ ಕಥೆಯೊಡನೆ ಹೆಣೆದುಕೊಂಡಿರುವುದೂ ಅರ್ಥಪೂರ್ಣ. ಎರವಲು ತಂದ ಪ್ರಕಾರಕ್ಕೆ ಪುರಾಣ ಮತ್ತು ವೃತ್ತಿರಂಗಭೂಮಿಯ ಕಸಿ ಮಾಡಿದ ಜಾಣ್ಮೆಯನ್ನು ನಾನು ಮನಸಾರೆ ಮೆಚ್ಚಿದ್ದೇನೆ.

ಕೊರತೆಯೊಂದು ಉಳಿಯಿತು. ಅಮರಾವತಿಯಲ್ಲಿ ಎಲ್ಲರೂ ನಿಧಿಯ ಬೆನ್ನುಹತ್ತಿದವರೇ. ನೆಲ ಬರಿಯ ಹಿನ್ನೆಲೆ. ವೈಟ್‌ಫೀಲ್ಡ್‌ನಲ್ಲಿ ವಾಸಿಸುವ ನನಗೆ ಇದು ವಿಚಿತ್ರವಾಗಿ ಕಾಣುತ್ತದೆ. ಏಕೆಂದರೆ ಈ ಊರು ಹುಟ್ಟಿದ್ದೇ ವಲಸಿಗರ ಬೇಸಾಯದ ನೆಲೆಯಾಗಿ. 1882ರಲ್ಲಿ ಮೈಸೂರಿನ ಹತ್ತನೆಯ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಸುಮಾರು 3,900 ಎಕರೆ ಭೂಮಿ ಕೊಟ್ಟರು. ಸಂಘದ ಮುಂದಾಳು ವೈಟ್ ಅವರ ಹೆಸರೇ ಊರಿಗೂ ಅಂಟಿಕೊಂಡಿತು. 1990ರ ದಶಕದಲ್ಲಿ ಟೆಕ್ ಪಾರ್ಕ್ ಬಂತು, 2023ರ ಮಾರ್ಚ್‌ನಲ್ಲಿ ಮೆಟ್ರೊ ಬಂತು. ರಾಗಿ ಬೆಳೆಯುತ್ತಿದ್ದ ಹೊಲಗಳು ಬಡಾವಣೆಗಳಾದವು. ಯೋಜನೆಯ ಸುಳಿವು ಮೊದಲು ಸಿಕ್ಕವನು ಲಾಭ ಕಂಡ. ಅಗ್ಗಕ್ಕೆ ಮಾರಿದವನ ಮಗ ಅದೇ ನೆಲದ ಮೇಲೆದ್ದ ಕಟ್ಟಡಕ್ಕೆ ಕಾವಲುಗಾರನಾದ. 2024ರ ಬೇಸಿಗೆಯಲ್ಲಿ ನೀರಿನ ಟ್ಯಾಂಕರಿಗಾಗಿ ನಾವೆಲ್ಲ ಕಾದು ನಿಂತಾಗ, ಲಿಯೋನಿ ಚಿತ್ರದ ಆ ಸೆಲೆ ನನಗೆ ನೆನಪಾಗದೆ ಇರಲಿಲ್ಲ.

ಪೀಣ್ಯ, ಎಲೆಕ್ಟ್ರಾನಿಕ್ ಸಿಟಿಗಳ ಅಂಚಿನಲ್ಲೂ ಇಂಥ ಕಥೆಗಳಿವೆ. ಕನ್ನಡದ ಮುಂದಿನ ಕೌಬಾಯ್ ಚಿತ್ರಕ್ಕೆ ಮರುಭೂಮಿಯ ಸೆಟ್ ಬೇಕಿಲ್ಲ. ಪುರಾಣವನ್ನು ಕಸಿ ಮಾಡಬಲ್ಲವರು ಪಹಣಿಯನ್ನೂ ಒಮ್ಮೆ ತೆರೆದು ನೋಡಲಿ.